ಹೆದ್ದಾರಿಯ ಸ್ಥಿರ ವೇಗದಲ್ಲಿ ಬೂಸ್ಟ್ ಕಡಿಮೆ ತೋರಿಸುವ ಬಗ್ಗೆ

ಸಮತಟ್ಟಾದ ರಸ್ತೆಯಲ್ಲಿ, ಹೊರೆಯಿಲ್ಲದೆ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನಿಮ್ಮ ಹಳೆಯ ಡೀಸೆಲ್ ಟ್ರಕ್ಕಿನ ಬೂಸ್ಟ್ ಗೇಜ್ (ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡವನ್ನು ಪಿಎಸ್‌ಐ ಎಂಬ ಅಳತೆಯಲ್ಲಿ ತೋರಿಸುವ ಮಾಪಕ) 4–5 ಪಿಎಸ್‌ಐ ಮಾತ್ರ ತೋರಿಸುತ್ತಿದೆ, ಟರ್ಬೊ ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಕೆಟ್ಟಿದೆ ಎನ್ನಲಾಗದು. ಆ ಸ್ಥಿತಿಯಲ್ಲಿ ಅದು ಸಹಜವಾದ ಅಂಕಿಯೇ. ಟರ್ಬೊವನ್ನು ತಿರುಗಿಸುವುದು ವಾಹನದ ವೇಗವಲ್ಲ, ಎಂಜಿನ್ನಿನಿಂದ ಹೊರಬರುವ ಹೊಗೆಯ ಶಾಖ ಮತ್ತು ಹರಿವು; ಸ್ಥಿರ ವೇಗದಲ್ಲಿ ಎಂಜಿನ್ ಸುಡುವ ಡೀಸೆಲ್ ಕಡಿಮೆಯಾದ್ದರಿಂದ ಒತ್ತಡವೂ ಕಡಿಮೆಯೇ ಇರುತ್ತದೆ. ಸಣ್ಣ ಏರು ಬಂದರೆ ಅಥವಾ ಎದುರುಗಾಳಿ ಬೀಸಿದರೆ ಅದೇ ವೇಗದಲ್ಲೂ ಗೇಜಿನ ಮುಳ್ಳು ಮೇಲೇರುವುದನ್ನು ಗಮನಿಸಿ.

ಆದ್ದರಿಂದ ಪರೀಕ್ಷೆಯನ್ನು ಹೊರೆಯೊಂದಿಗೇ ಮಾಡಬೇಕು: ಉದ್ದನೆಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬರುವ ಗರಿಷ್ಠ ಅಂಕಿಯನ್ನು ಎಂಜಿನ್ನಿನ ಸರ್ವಿಸ್ ಕೈಪಿಡಿಯೊಂದಿಗೆ ಹೋಲಿಸಿ. ಅಲ್ಲಿಯೂ ಕಡಿಮೆಯಿದ್ದು ಕಪ್ಪು ಹೊಗೆ ಬರುತ್ತಿದ್ದರೆ, ಟರ್ಬೊ ಬದಲಿಸಲು ದಯವಿಟ್ಟು ಅವಸರಪಡಬೇಡಿ. ಮೊದಲು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಹೋಸುಗಳ ಕ್ಲಾಂಪ್ ಸುತ್ತ, ವಿಶೇಷವಾಗಿ ಕಣ್ಣಿಗೆ ಬೀಳದ ಕೆಳಭಾಗದಲ್ಲಿ, ಎಣ್ಣೆ ಜಿಡ್ಡಿನ ಮೇಲೆ ಧೂಳು ಮೆತ್ತಿಕೊಂಡಿದೆಯೇ ಎಂದು ನೋಡಿ, ಏಕೆಂದರೆ ಗಾಳಿ ಸೋರುವ ಜಾಗ ಹೆಚ್ಚಾಗಿ ಇಂಥ ಗುರುತನ್ನು ಬಿಡುತ್ತದೆ. ವೇಸ್ಟ್‌ಗೇಟ್ (ಹೆಚ್ಚುವರಿ ಹೊಗೆಯನ್ನು ಟರ್ಬೊ ತಿರುಗಿಸದಂತೆ ಬದಿಗೆ ಬಿಡುವ ಕವಾಟ) ತೆರೆದ ಸ್ಥಿತಿಯಲ್ಲೇ ಅಂಟಿಕೊಂಡಿದ್ದರೂ ಲಕ್ಷಣ ಇದೇ. ಗೇಜಿಗೆ ಹೋಗುವ ಸಣ್ಣ ನಳಿಕೆ ಬಿರುಕು ಬಿಟ್ಟಿದ್ದರೆ ಅಂಕಿಯೇ ತಪ್ಪಾಗಿರುತ್ತದೆ. ದೋಷ ಸಿಗುವವರೆಗೆ ಕಪ್ಪು ಹೊಗೆಯೊಡನೆ ಏರಿನಲ್ಲಿ ಎಂಜಿನ್ನನ್ನು ದಣಿಸಬೇಡಿ. ಗಾಳಿ ಸಾಲದೆ ಶಾಖ ಏರಿದರೆ ಪಿಸ್ಟನ್‌ಗಳಿಗೇ ಹಾನಿಯಾಗಬಹುದು.