ಕನ್ನಡ ಮಾಧ್ಯಮದಲ್ಲಿ ಓದಿದ ನಾನು ತುಮಕೂರಿನಲ್ಲಿ ಎಲ್‌ಎಲ್‌ಆರ್ (ವಾಹನ ಚಾಲನೆಯ ಕಲಿಕಾ ಪರವಾನಗಿ) ಪರೀಕ್ಷೆಗೆ ಹೇಗೆ ತಯಾರಾಗಲಿ?

ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಮೊದಲು ಆ ಭಯ ಬಿಡಿ. ಚಾಲನಾ ಪರವಾನಗಿಗೆಂದೇ ಇರುವ ಸರ್ಕಾರದ ಸಾರಥಿ ಜಾಲತಾಣದಲ್ಲಿ ಪರೀಕ್ಷೆ ಶುರುವಾಗುವ ಮುನ್ನ ಯಾವ ಭಾಷೆ ಬೇಕೆಂದು ಕೇಳುತ್ತದೆ. ಅಲ್ಲಿ ಕನ್ನಡವನ್ನು ಆರಿಸಿಕೊಳ್ಳಿ. ಕ್ಯಾತ್ಸಂದ್ರದಲ್ಲಿ ಮನೆ, ಈಗಷ್ಟೇ ಹದಿನೆಂಟು ತುಂಬಿದೆ, ಅಪ್ಪನ ಹಳೆಯ ಸ್ಕೂಟರ್ ಇದೆ, ಪ್ರಶ್ನೋತ್ತರಗಳನ್ನು ಉರು ಹೊಡೆದರೆ ಸಾಕೇ, ಇಲ್ಲವೇ ಮಧ್ಯವರ್ತಿಯೊಬ್ಬರು ಹೇಳಿದಂತೆ ಹಣ ಕೊಟ್ಟುಬಿಡಲೇ ಎಂದು ಕೇಳಿದ್ದೀರಿ. ತುಮಕೂರಿನ ಚಾಲನಾ ತರಬೇತಿ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಸ್ಕೂಟರ್ ಮತ್ತು ಕಾರು ಕಲಿಸುವುದು ನನ್ನ ಕೆಲಸ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಉರು ಹೊಡೆಯುವುದು ಸಾಲದು. ಉರು ಹೊಡೆದವರು ಪ್ರಶ್ನೆಯ ಮೊದಲ ನಾಲ್ಕು ಪದ ನೋಡಿ ಉತ್ತರ ಒತ್ತಿಬಿಡುತ್ತಾರೆ. ಪ್ರಶ್ನೆಯ ಕೊನೆಯಲ್ಲಿ ‘ನಿಷೇಧ’ ಎಂಬುದು ‘ಅವಕಾಶ’ ಎಂದಾಗಿದ್ದರೆ ಅಲ್ಲಿಗೆ ಮುಗಿಯಿತು. ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಚಿಕ್ಕಂದಿನಿಂದ ಸ್ಕೂಟರಿನ ಹಿಂದೆ ಕೂತು ಕಂಡದ್ದನ್ನೆಲ್ಲ ನಾವು ನಿಯಮ ಎಂದೇ ನಂಬಿಕೊಂಡಿರುತ್ತೇವೆ. ಪರೀಕ್ಷೆಯಲ್ಲಿ ಎಡವುವವರಲ್ಲಿ ಹೆಚ್ಚಿನವರು ಓದದವರಲ್ಲ, ಬಿ.ಎಚ್. ರಸ್ತೆಯಲ್ಲಿ ದಿನವೂ ನಡೆಯುವುದನ್ನೇ ಉತ್ತರವಾಗಿ ಕೊಟ್ಟವರು. ಆದ್ದರಿಂದ ಪ್ರತಿ ಪ್ರಶ್ನೆಗೂ ‘ಜನ ಏನು ಮಾಡುತ್ತಾರೆ’ ಎನ್ನುವುದನ್ನು ಪಕ್ಕಕ್ಕಿಟ್ಟು ‘ಕಾನೂನು ಏನು ಹೇಳುತ್ತದೆ, ಏಕೆ ಹೇಳುತ್ತದೆ’ ಎಂದು ಕೇಳಿಕೊಳ್ಳಿ. ಕಾರಣ ತಿಳಿದರೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಉತ್ತರ ಕೈತಪ್ಪುವುದಿಲ್ಲ.

ಏನನ್ನು ಕೇಳುತ್ತಾರೆ ಎಂಬುದು ಗುಟ್ಟೇನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೆಯ ನಿಯಮದಲ್ಲಿ ಅದು ಬರೆದಿದೆ: ಸಂಚಾರ ಚಿಹ್ನೆಗಳು, ಸಂಕೇತಗಳು ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕರ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗ ವಹಿಸಬೇಕಾದ ಎಚ್ಚರಿಕೆ, ವಾಹನ ಓಡಿಸುವಾಗ ಜೊತೆಗಿರಬೇಕಾದ ದಾಖಲೆಗಳು. ಕೇಳಿದ ಪ್ರಶ್ನೆಗಳಲ್ಲಿ ಕನಿಷ್ಠ ಶೇ. 60ರಷ್ಟಕ್ಕೆ ಸರಿಯುತ್ತರ ಕೊಟ್ಟರೆ ಪಾಸು.

ಚಿಹ್ನೆಗಳಿಂದಲೇ ಆರಂಭಿಸಿ. ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ನೆನಪಿಡಲು ಹೋದರೆ ತಲೆ ಕೆಡುತ್ತದೆ. ಮೊದಲು ಆಕಾರ, ಆಮೇಲೆ ಬಣ್ಣ, ಕೊನೆಗೆ ಒಳಗಿನ ಚಿತ್ರ ನೋಡುವ ಅಭ್ಯಾಸ ಮಾಡಿಕೊಳ್ಳಿ. ದುಂಡಗಿನ ಫಲಕ ಆಜ್ಞೆ, ಮೀರಿದರೆ ದಂಡ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ಮುಂದೆ ಏನೋ ಇದೆ ಎಂದರ್ಥ. ನೀಲಿ ಬಣ್ಣದ ಚೌಕ ಅಥವಾ ಆಯತ ಬರೀ ಮಾಹಿತಿ. ಎರಡು ಫಲಕಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ: ‘ನಿಲ್ಲಿ’ ಎಂಬ ಕೆಂಪು ಫಲಕಕ್ಕೆ ಎಂಟು ಮೂಲೆಗಳಿವೆ, ‘ದಾರಿ ಬಿಡಿ’ ಎಂಬುದು ತಲೆಕೆಳಗಾದ ತ್ರಿಕೋನ. ಎದುರಿನಿಂದ ಬಿಸಿಲು ಹೊಡೆಯುತ್ತಿದ್ದರೂ, ಫಲಕದ ಮೇಲೆ ಧೂಳು ಕೂತಿದ್ದರೂ, ಹಿಂಬದಿಯಿಂದ ನೋಡಿದರೂ ಈ ಎರಡನ್ನು ಆಕಾರದಿಂದಲೇ ಗುರುತಿಸಬಹುದು. ಅವುಗಳಿಗೆ ಬೇರೆ ಆಕಾರ ಕೊಟ್ಟಿರುವುದರ ಲಾಭವೇ ಅದು.

ದುಂಡು ಫಲಕಗಳಲ್ಲೇ ಹೆಚ್ಚು ಗೊಂದಲ. ನೀಲಿ ಬಿಲ್ಲೆಯ ಮೇಲೆ ಬಿಳಿ ಬಾಣವಿದ್ದರೆ ‘ಈ ಕಡೆಗೇ ಹೋಗಬೇಕು’ ಎಂದರ್ಥ. ಕೆಂಪು ಅಂಚಿನೊಳಗೆ ಅದೇ ಬಾಣದ ಮೇಲೆ ಓರೆಗೆರೆ ಇದ್ದರೆ ‘ಈ ಕಡೆ ಹೋಗಲೇಬಾರದು’. ಹಾರ್ನಿನ ಚಿತ್ರಕ್ಕೂ ಇದೇ ಮಾತು: ಕೆಂಪು ಅಂಚು, ಓರೆಗೆರೆ ಇದ್ದರೆ ಹಾರ್ನ್ ನಿಷಿದ್ಧ, ನೀಲಿ ಬಿಲ್ಲೆಯಲ್ಲಿದ್ದರೆ ಹಾರ್ನ್ ಮಾಡಲೇಬೇಕು. ಎದುರಿನ ವಾಹನ ಕಾಣದ ಕಡಿದಾದ ತಿರುವಿನಲ್ಲಿ ಎರಡನೆಯದು ಏಕೆ ಬೇಕೆಂದು ದೇವರಾಯನದುರ್ಗದ ರಸ್ತೆ ಹತ್ತಿದವರಿಗೆ ಹೇಳಬೇಕಿಲ್ಲ. ಇನ್ನು ಕೆಂಪು ಅಂಚಿನ ನೀಲಿ ಬಿಲ್ಲೆ. ಅದರ ಮೇಲೆ ಒಂದೇ ಓರೆಗೆರೆ ಇದ್ದರೆ ವಾಹನ ನಿಲುಗಡೆ ಇಲ್ಲ; ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳಿದ್ದರೆ ಯಾರನ್ನಾದರೂ ಹತ್ತಿಸಿಕೊಳ್ಳಲು ಅರೆಗಳಿಗೆ ನಿಲ್ಲಿಸುವುದೂ ತಪ್ಪು. ಈ ಜೋಡಿಯನ್ನು ಕಾಗದದ ಮೇಲೆ ನಿಮ್ಮ ಕೈಯಾರೆ ಬರೆದು ನೋಡಿ. ನೋಡಿದ್ದಕ್ಕಿಂತ ಬರೆದದ್ದು ಹೆಚ್ಚು ಕಾಲ ನಿಲ್ಲುತ್ತದೆ. ಮಾಹಿತಿ ಫಲಕಗಳಲ್ಲಿ ಆಸ್ಪತ್ರೆ ಮತ್ತು ಪ್ರಥಮ ಚಿಕಿತ್ಸೆ ಅದಲುಬದಲಾಗುತ್ತವೆ. ಹಾಸಿಗೆಯ ಚಿತ್ರವಿದ್ದರೆ ಆಸ್ಪತ್ರೆ, ಬರೀ ಕೆಂಪು ಕ್ರಾಸ್ ಇದ್ದರೆ ಪ್ರಥಮ ಚಿಕಿತ್ಸೆ.

ಪುಸ್ತಕ ಮುಚ್ಚಿಟ್ಟು ಒಂದು ಸಂಜೆ ರಸ್ತೆ ಬದಿಯಲ್ಲಿ ನಡೆಯಿರಿ. ಸ್ಕೂಟರ್ ಬೇಡ, ಕಾಲ್ನಡಿಗೆಯೇ ಬೇಕು. ಕ್ಯಾತ್ಸಂದ್ರದಿಂದ ಬಟವಾಡಿ ಕಡೆಗೆ ಬರುವಷ್ಟರಲ್ಲಿ ಕಂಡ ಪ್ರತಿ ಫಲಕಕ್ಕೂ ಆಕಾರ, ಬಣ್ಣ, ಅರ್ಥ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ರಸ್ತೆಯ ಮೇಲಿನ ಗೆರೆಗಳನ್ನೂ ಓದಿ: ನಡುವಿನ ಬಿಳಿ ಗೆರೆ ತುಂಡುತುಂಡಾಗಿದ್ದರೆ ಸುರಕ್ಷಿತವಾಗಿದ್ದಾಗ ದಾಟಬಹುದು, ಒಂದೇ ಸಮನೆ ಹರಿದಿದ್ದರೆ ದಾಟಬಾರದು. ನನ್ನ ವಿದ್ಯಾರ್ಥಿನಿಯರಿಗೆ ನಾನು ಕೊಡುವ ಮೊದಲ ಪಾಠವೇ ಈ ನಡಿಗೆ.

ಈಗ ಅಭ್ಯಾಸಬಲ ದಾರಿ ತಪ್ಪಿಸುವ ಪ್ರಶ್ನೆಗಳಿಗೆ ಬರೋಣ. ಜೀಬ್ರಾ ಪಟ್ಟೆಯ ಬಳಿ ಜನ ದಾಟಲು ಕಾಯುತ್ತಿದ್ದಾರೆ, ನೀವೇನು ಮಾಡುತ್ತೀರಿ? ‘ಹಾರ್ನ್ ಮಾಡಿ ಮುಂದೆ ಸಾಗುವುದು’ ಎಂಬ ಆಯ್ಕೆ ಅಲ್ಲಿರುತ್ತದೆ, ಕೈ ತಾನಾಗಿಯೇ ಅದರತ್ತ ಹೋಗುತ್ತದೆ. ಸರಿಯುತ್ತರ: ನಿಲ್ಲಿಸಿ, ಅವರು ದಾಟಿದ ಮೇಲೆ ಹೊರಡುವುದು. ದೃಷ್ಟಿಯಿಲ್ಲದವರು ಬಿಳಿ ಕೋಲು ಹಿಡಿದು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ ‘ನಿಲ್ಲಿ’ ಎಂಬ ಸಂಕೇತವೆಂದು ತಿಳಿಯಬೇಕು. ಹಳದಿ ದೀಪ ಬಂದಾಗ ವೇಗ ಹೆಚ್ಚಿಸಬಾರದು, ನಿಲ್ಲಿಸಲು ಸಿದ್ಧರಾಗಬೇಕು. ವೃತ್ತದಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ಸಿಗ್ನಲ್ ಆಗಲಿ ಪೊಲೀಸರಾಗಲಿ ಇಲ್ಲದ ಕೂಡುರಸ್ತೆಯಲ್ಲೂ ಬಲಗಡೆಯವರಿಗೆ ದಾರಿ ಬಿಡಬೇಕು. ಓವರ್‌ಟೇಕ್ ಮಾಡುವುದು ಬಲಗಡೆಯಿಂದ. ಮುಂದಿನ ವಾಹನ ಬಲಕ್ಕೆ ತಿರುಗುವ ಸೂಚನೆ ಕೊಟ್ಟಿದ್ದರೆ ಮಾತ್ರ ಎಡದಿಂದ ಹೋಗಬಹುದು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಕೊಡಬೇಕು, ಏಕೆಂದರೆ ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಎತ್ತಿಕೊಂಡು ಹೋಗುವುದು ಕಷ್ಟ. ದನ ಕರು ಹೊಡೆದುಕೊಂಡು ಬರುವವರು ಪ್ರಾಣಿ ಬೆದರಬಹುದೆಂದು ಕೈಯೆತ್ತಿ ನಿಲ್ಲಿಸಲು ಕೇಳಿದರೆ ನಿಲ್ಲಿಸಲೇಬೇಕು. ಇದು ನಮ್ಮ ಹಳ್ಳಿಗಳ ಸೌಜನ್ಯವೂ ಹೌದು, ಕಾನೂನೂ ಹೌದು. ಕೈಸನ್ನೆಗಳ ಪ್ರಶ್ನೆಯೂ ಬರುತ್ತದೆ. ಇಂಡಿಕೇಟರ್ ಇರುವಾಗ ಇದೇಕೆ ಎಂದು ಬಿಟ್ಟುಬಿಡಬೇಡಿ. ಬಲ್ಬು ಸುಟ್ಟುಹೋದ ದಿನ ಕೈಯೇ ಗತಿ.

ರೈಲ್ವೆ ಗೇಟಿನ ಪ್ರಶ್ನೆ ಕಂಡು ಹಲವರು ಅಚ್ಚರಿಪಡುತ್ತಾರೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನು ರೈಲ್ವೆ ಇಲಾಖೆ 2019ರ ಜನವರಿ ಹೊತ್ತಿಗೆ ತೆಗೆದುಹಾಕಿದೆ. ಆದರೂ ಪ್ರಶ್ನೆ ಉಳಿದಿದೆ, ನಿಯಮದಲ್ಲೇ ಅದರ ಹೆಸರಿದೆ. ಉತ್ತರ ಹೀಗೆ: ವಾಹನ ನಿಲ್ಲಿಸಿ, ಇಳಿದು, ಹಳಿಯ ಬಳಿಗೆ ನಡೆದು ಹೋಗಿ, ಎರಡೂ ಕಡೆಯಿಂದ ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ದಾಟುವುದು. ಚಿಹ್ನೆಯಲ್ಲಿ ಗೇಟಿನ ಚಿತ್ರವಿದ್ದರೆ ಕಾವಲಿದೆ, ರೈಲು ಎಂಜಿನ್ನಿನ ಚಿತ್ರವಿದ್ದರೆ ಕಾವಲಿಲ್ಲ.

ಅಪಘಾತದ ಪ್ರಶ್ನೆಗಳನ್ನು ಅಂಕಕ್ಕಾಗಿ ಮಾತ್ರ ಓದಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 134ನೆಯ ಕಲಂ ಪ್ರಕಾರ ಗಾಯಾಳುವಿಗೆ ಕೂಡಲೇ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕರ ಕರ್ತವ್ಯ, ಪೊಲೀಸರಿಗೆ ಆದಷ್ಟು ಬೇಗ, ತಡವೆಂದರೂ 24 ಗಂಟೆಯೊಳಗೆ ತಿಳಿಸಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಪೊಲೀಸು, ಕೋರ್ಟು ಎಂದು ಹೆದರಿ ಜನ ಸುತ್ತ ನಿಂತು ನೋಡುತ್ತಲೇ ಇರುತ್ತಾರೆ. ಹೆದ್ದಾರಿಯ ಪಕ್ಕದಲ್ಲೇ ಬದುಕುವ ನಮಗೆ ಈ ಒಂದು ಕಲಂ ಗೊತ್ತಿರಲೇಬೇಕು.

ದಾಖಲೆಗಳ ಭಾಗ ಸುಲಭ: ಪರವಾನಗಿ, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆ ಪತ್ರ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ.

ವಾರವೊಂದು ಸಾಕು, ದಿನಕ್ಕೆ ಒಂದು ಗಂಟೆ ಕೊಡಿ. ಕೊನೆಯ ಎರಡು ದಿನ ಸಾರಥಿ ಜಾಲತಾಣದಲ್ಲೇ ಸಿಗುವ ಅಣಕು ಪರೀಕ್ಷೆಯನ್ನು ಬರೆದು ನೋಡಿ. ಪ್ರತಿ ಪ್ರಶ್ನೆಗೂ ಸಮಯದ ಮಿತಿ ಇರುತ್ತದೆ, ಆ ಗಡಿಯಾರಕ್ಕೆ ಕಣ್ಣು ಒಗ್ಗಬೇಕು. ಆಧಾರ್ ದೃಢೀಕರಣದ ಮೂಲಕ ಅರ್ಜಿ ಹಾಕಿದರೆ ಮನೆಯಿಂದಲೇ ಪರೀಕ್ಷೆ ಬರೆಯುವ ದಾರಿಯಿದೆ. ಇಲ್ಲವಾದರೆ ದಿನ ಗೊತ್ತುಮಾಡಿಕೊಂಡು ಆರ್‌ಟಿಓ ಕಚೇರಿಗೆ ಹೋಗಬೇಕು. ಮನೆಯಿಂದ ಬರೆಯುವುದಾದರೆ ಬೆಳಕು ಮುಖದ ಮೇಲೆ ಬೀಳುವಂತೆ ಕೂತುಕೊಳ್ಳಿ, ಪಕ್ಕದಲ್ಲಿ ಬೇರೆ ಯಾರೂ ಇರದಿರಲಿ.

ಮಧ್ಯವರ್ತಿಗೆ ಹಣ ಕೊಡುವ ಮಾತಿಗೆ ನನ್ನ ಉತ್ತರ ‘ಬೇಡ’ ಎಂದೇ. ಕೇಂದ್ರ ನಿಯಮದಂತೆ ಕಲಿಕಾ ಪರವಾನಗಿಗೆ ವಾಹನದ ಪ್ರತಿ ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ ಶುಲ್ಕ. ಅರ್ಜಿ ತುಂಬಲು ಯಾರಾದರೂ ನೆರವಾದರೆ ಅದಕ್ಕೊಂದಿಷ್ಟು ಕೊಡಿ, ತಪ್ಪಿಲ್ಲ. ಆದರೆ ‘ಪರೀಕ್ಷೆಯನ್ನು ನಾವೇ ಬರೆಯುತ್ತೇವೆ, ಒಟಿಪಿ ಹೇಳಿದರೆ ಸಾಕು’ ಎಂದರೆ ಎದ್ದು ಬನ್ನಿ. ಬಟವಾಡಿಯ ಬಳಿ ಲಾರಿಗಳ ನಡುವೆ ಸ್ಕೂಟರ್ ಓಡಿಸುವವರು ನೀವು, ಒಟಿಪಿ ಕೇಳಿದವರಲ್ಲ. ಒಮ್ಮೆ ಫೇಲಾದರೆ ಶುಲ್ಕ ಕಟ್ಟಿ ಮತ್ತೆ ಬರೆಯಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪಾಸಾದ ಮೇಲೆ ಸಿಗುವ ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಸ್ಕೂಟರಿನ ಹಿಂದೆಯೂ ಮುಂದೆಯೂ ಎಲ್ ಬೋರ್ಡ್ ಇರಬೇಕು: ಬಿಳಿಯ ಮೇಲೆ ಕೆಂಪು ಅಕ್ಷರ, ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಾಗಿರಬಾರದು, ಅಕ್ಷರ ಕನಿಷ್ಠ 10 ಸೆಂಟಿಮೀಟರ್ ಎತ್ತರವಿರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ, ಗೆಳತಿಯನ್ನೂ ಸಹ. ಅಪ್ಪ ಕಲಿಸುವುದಾದರೆ ಅವರ ಡಿಎಲ್ ಚಾಲ್ತಿಯಲ್ಲಿರಬೇಕು, ಇಬ್ಬರಿಗೂ ಹೆಲ್ಮೆಟ್ ಬೇಕು. ಹಳೆಯ ಸ್ಕೂಟರ್ ಎಂದಿರಿ. ಅದರ ವಿಮೆ, ಹೊಗೆ ತಪಾಸಣೆ ಪತ್ರಗಳ ದಿನಾಂಕವನ್ನು ಇವತ್ತೇ ತೆಗೆದು ನೋಡಿ. ಅವಧಿ ಮುಗಿದಿದ್ದರೆ ಎಲ್ ಬೋರ್ಡ್ ಅಂಟಿಸುವ ಮುನ್ನವೇ ನವೀಕರಿಸಲು ಅಪ್ಪನಿಗೆ ಹೇಳಿ.