ಸಣ್ಣ ಮಳಿಗೆಯಲ್ಲಿ ಲೆಕ್ಕ ನೋಡುವ ಮಹಿಳೆ ಮ್ಯಾನೇಜರ್ ಆಗುವುದು ಏಕೆ ಇಷ್ಟು ಕಷ್ಟ?

ಮಂಡ್ಯದ ಪಂಪ್‌ಸೆಟ್ ಮತ್ತು ಪೈಪುಗಳ ಮಳಿಗೆಯೊಂದರಲ್ಲಿ ಹಲವು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೀರಿ, ನಿಮ್ಮ ನಂತರ ಸೇರಿದ ಯುವಕನನ್ನು ಮ್ಯಾನೇಜರ್ ಮಾಡಿದ್ದಾರೆ, ಕೊರತೆ ನಿಮ್ಮಲ್ಲೇ ಇದೆಯೇ ಎಂದು ಕೇಳಿದ್ದೀರಿ. ಮೈಸೂರು, ಮಂಡ್ಯಗಳ ಇಂಥ ಮಳಿಗೆಗಳಿಗೆ ತೆರಿಗೆ ಸಲಹೆಗಾರ್ತಿಯಾಗಿರುವ ನಾನು ಕಂಡಂತೆ, ಕೊರತೆ ಇರುವುದು ಕೆಲಸ ಹಂಚುವ ರೀತಿಯಲ್ಲಿ.

ದೊಡ್ಡ ಕಂಪನಿಗಳಲ್ಲಿ ಬಡ್ತಿಗೆ ಹೆಸರಿಗಾದರೂ ಒಂದು ನಿಯಮವಿರುತ್ತದೆ. ಐದಾರು ಜನರ ಮಳಿಗೆಯಲ್ಲಿ ಮಾಲೀಕರ ಮನಸ್ಸಿಗೆ ಬಂದದ್ದೇ ನಿಯಮ. ಗಲ್ಲಾಪೆಟ್ಟಿಗೆಯ ಕೀಲಿ, ಚೆಕ್ ಪುಸ್ತಕ, ಬಾಕಿದಾರರ ಪಟ್ಟಿ ಇವನ್ನೆಲ್ಲ ನಂಬಿಕೆಯಿಂದ ಹೆಣ್ಣುಮಕ್ಕಳ ಕೈಗೆ ಕೊಡುವ ಮಾಲೀಕರು, ಡೀಲರ್‌ಗಳ ಸಭೆ, ಖರೀದಿಯ ಚೌಕಾಸಿ, ಹಳ್ಳಿಗಳ ವಸೂಲಿ ಎಂದೊಡನೆ ಗಂಡಸರನ್ನೇ ಕರೆಯುತ್ತಾರೆ. ಮ್ಯಾನೇಜರ್ ಆಗಲು ಬೇಕಾದ ಪರಿಚಯ, ಅನುಭವಗಳು ಹುಟ್ಟುವುದು ಈ ಹೊರಗಿನ ಕೆಲಸಗಳಲ್ಲೇ. ನಾನು ಲೆಕ್ಕ ನೋಡುತ್ತ ಕುಳಿತಿದ್ದ ಮಳಿಗೆಯೊಂದಕ್ಕೆ ಎರಡು ಇಂಚಿನ ಪೈಪಿನ ದರ ಕೇಳಿ ಫೋನ್ ಬಂತು. ಅಲ್ಲಿನ ಮಹಿಳೆ ರಿಯಾಯಿತಿಯ ಸಮೇತ ದರ ಹೇಳಿದರೂ ಅತ್ತಲಿಂದ ‘ಸಾರ್ ಇಲ್ವಾ ಮೇಡಂ, ಅವರಿಗೆ ಕೊಡಿ’ ಎಂಬ ಮಾತು. ಫೋನ್ ತೆಗೆದುಕೊಂಡ ಹುಡುಗ ದರವನ್ನು ಅವರನ್ನೇ ಕೇಳಿ ತಿರುಗಿ ಹೇಳಿದ. ವ್ಯಾಪಾರ ಕುದುರಿತು, ಹೆಸರು ಅವನಿಗೆ ಬಂತು. (ಪತ್ನಿಯ ಹೆಸರಿನಲ್ಲಿ ನೋಂದಾಯಿಸಿದ ಮಳಿಗೆಗಳ ಕಡತಗಳೂ ನನ್ನ ಬಳಿ ಇವೆ, ಆ ಒಡತಿಯರಲ್ಲಿ ಕೆಲವರನ್ನು ನಾನು ಸಹಿಯಿಂದಷ್ಟೇ ಬಲ್ಲೆ.)

ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಗೋದಾಮಿಗೆ ಹೇಗೆ ಕಳುಹಿಸುವುದು ಎನ್ನುವ ಮಾಲೀಕರೇ, ತಿಂಗಳ ಜಿಎಸ್‌ಟಿ ಲೆಕ್ಕದ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖಿನಂದು ಅವರನ್ನು ರಾತ್ರಿಯವರೆಗೆ ಕೂರಿಸಿಕೊಳ್ಳುತ್ತಾರೆ. ಹೆರಿಗೆ ರಜೆಯ ಹೊರೆ ಎಂಬ ವಾದವಂತೂ ಇಂಥ ಕಡೆ ನಿಲ್ಲುವುದೇ ಇಲ್ಲ. 2017ರ ತಿದ್ದುಪಡಿಯಿಂದ 26 ವಾರಗಳಿಗೆ ಏರಿದ ಆ ರಜೆಯ ಕಾನೂನು ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿಗಳಿಗೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಉದ್ಯೋಗಿಗಳಿಗಾದರೆ ಹೆರಿಗೆ ಭತ್ಯೆಯನ್ನು ಆ ವಿಮಾ ನಿಗಮವೇ ಕೊಡುತ್ತದೆ. ಕಾನೂನಿನ ರಕ್ಷಣೆಯೂ ಇಲ್ಲದ ಐದಾರು ಜನರ ಮಳಿಗೆಯ ಮಹಿಳೆಗೆ ಅದರ ಹೆಸರಿನಲ್ಲಿ ಬಡ್ತಿ ತಪ್ಪಿಸುವುದು ಬರೀ ನೆಪ.

ಈಗ ನೀವು ಸಂಬಳಕ್ಕಿಂತ ಮೊದಲು ಕೆಲಸವನ್ನೇ ಕೇಳಿ ಎಂಬುದು ನನ್ನ ಸಲಹೆ. ಒಂದು ಪೈಪ್ ಕಂಪನಿಯ ಖರೀದಿಯನ್ನು ಆರ್ಡರ್‌ನಿಂದ ಬಿಲ್ ಪಾವತಿಯವರೆಗೆ ಪೂರ್ತಿ ನಿಮಗೇ ವಹಿಸುವಂತೆ, ಆ ಕಂಪನಿಯ ಪ್ರತಿನಿಧಿಗೆ ನಿಮ್ಮ ನಂಬರನ್ನೇ ಕೊಡುವಂತೆ ಕೇಳಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೌಕರರಿಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು. ನಿಮ್ಮದು ಇಲ್ಲದಿದ್ದರೆ ಪಡೆದುಕೊಳ್ಳಿ, ಹೊಸ ಜವಾಬ್ದಾರಿಯನ್ನೂ ಪದನಾಮವನ್ನೂ ಬರೆಸಿಕೊಳ್ಳಿ. ‘ನೀನು ನಮ್ಮ ಮನೆ ಮಗಳಿದ್ದಂತೆ, ಕಾಗದ ಯಾಕಮ್ಮ?’ ಎಂದು ಮಾಲೀಕರು ನಕ್ಕುಬಿಟ್ಟರೆ, ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ಜಿಎಸ್‌ಟಿ, ಬಾಕಿ ವಸೂಲಿ ಮೂರೂ ಬಲ್ಲವರನ್ನು ಹುಡುಕುವ ಮಳಿಗೆಗಳು ಮೈಸೂರಿನಲ್ಲಿಯೂ ಇವೆ.