ಫೈರ್‌ವಾಲ್ ಹಿಂದಿನ ಮೇಲ್ ಸರ್ವರ್: ಬರುವ ಮೇಲ್ ಸರಿ, ಹೋಗುವ ಮೇಲ್ ಏಕೆ ತಿರಸ್ಕೃತ?

ಲಿನಕ್ಸ್ ಫೈರ್‌ವಾಲ್‌ಗೆ (ಒಳಜಾಲಕ್ಕೂ ಇಂಟರ್‌ನೆಟ್‌ಗೂ ನಡುವೆ ನಿಂತ ಕಾವಲು ಯಂತ್ರ) ಐದು ಹೊರ ವಿಳಾಸಗಳಿವೆ, ಅದರ ಹಿಂದೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಇದೆ, ಹೊರಗಿನ ಮೇಲ್ ತಪ್ಪದೆ ಬರುತ್ತಿದೆ, ನೀವು ಕಳುಹಿಸಿದ್ದು ಮಾತ್ರ ಹಲವೆಡೆ ತಿರಸ್ಕೃತವಾಗುತ್ತಿದೆ. ಪೋಸ್ಟ್‌ಫಿಕ್ಸ್‌ನಲ್ಲಿ ಏನು ಬದಲಿಸಬೇಕು ಎಂದು ಕೇಳಿದ್ದೀರಿ. ಪೋಸ್ಟ್‌ಫಿಕ್ಸ್‌ಗೆ ಆಮೇಲೆ ಬರೋಣ. ತೊಂದರೆ ಇರುವುದು ಬಹುತೇಕ ಫೈರ್‌ವಾಲ್‌ನಲ್ಲೇ.

ಫೈರ್‌ವಾಲ್‌ನ ಸ್ವಂತ ವಿಳಾಸ 203.0.113.2, ಮೇಲ್‌ಗೆ ಮೀಸಲಿಟ್ಟದ್ದು 203.0.113.5, ಒಳಗಿನ ಸರ್ವರ್ 192.168.10.25 ಎಂದುಕೊಳ್ಳಿ. ಮೇಲ್ ಬರುವ 25ನೇ ಪೋರ್ಟ್‌ಗೆ ಬಂದದ್ದನ್ನು ಒಳಗೆ ದಾಟಿಸುವ ಡಿನ್ಯಾಟ್ ನಿಯಮ (ತಲುಪಬೇಕಾದ ವಿಳಾಸ ಬದಲಿಸುವ ನಿಯಮ) ಹೊರಗಿನವರು ಆರಂಭಿಸಿದ ಸಂಪರ್ಕಕ್ಕೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಸರ್ವರ್ ತಾನಾಗಿ ಜಿಮೇಲ್‌ನ ಬಾಗಿಲು ತಟ್ಟಿದಾಗ ಅದು ಹೊಸ ಸಂಪರ್ಕ. ಕಚೇರಿಯ ಉಳಿದ ಕಂಪ್ಯೂಟರ್‌ಗಳ ಜೊತೆಗೇ ಮಾಸ್ಕರೇಡ್ ನಿಯಮಕ್ಕೆ (ಹೊರಹೋಗುವ ಎಲ್ಲದಕ್ಕೂ ಫೈರ್‌ವಾಲ್‌ನ ವಿಳಾಸ ಹಚ್ಚುವ ನಿಯಮ) ಸಿಕ್ಕಿ, 203.0.113.2, ಅಂದರೆ .2 ಎಂಬ ವಿಳಾಸ ಹೊತ್ತು ಹೊರಡುತ್ತದೆ. ನಿಮ್ಮ ಡೊಮೈನ್‌ನ ಮೇಲ್ ಯಾವ ವಿಳಾಸದಿಂದ ಬರಬಹುದೆಂದು ಸಾರುವ ಎಸ್‌ಪಿಎಫ್ ದಾಖಲೆ .5 ಎನ್ನುತ್ತದೆ, ಬಂದವನು .2. ಎದುರಿನವರು ನಂಬುವುದಾದರೂ ಹೇಗೆ?

ಪೋಸ್ಟ್‌ರೂಟಿಂಗ್ ಸರಪಳಿಯಲ್ಲಿ (ಪ್ಯಾಕೆಟ್ ಹೊರಡುವ ಮುನ್ನ ನೋಡುವ ನಿಯಮಗಳ ಪಟ್ಟಿ) ಮೂಲ ವಿಳಾಸ ಬದಲಿಸುವ ಒಂದು ಎಸ್‌ನ್ಯಾಟ್ ನಿಯಮ ಹಾಕಿ: 192.168.10.25ರಿಂದ ಹೊರಟು ಹೊರ ಇಂಟರ್‌ಫೇಸ್ ದಾಟುವ ಎಲ್ಲದರ ಮೂಲ ವಿಳಾಸ .5 ಆಗಲಿ. ಈ ನಿಯಮ ಮಾಸ್ಕರೇಡ್‌ಗಿಂತ ಮೇಲಿರಲೇಬೇಕು, ಏಕೆಂದರೆ ಮೊದಲು ಹೊಂದಿದ ನಿಯಮವೇ ಕೊನೆಯ ಮಾತು. ನಾನು ಮೊದಲ ಸಲ ಇದನ್ನು ಪಟ್ಟಿಯ ಕೊನೆಗೆ ಸೇರಿಸಿ ಇಡೀ ದಿನ ಒದ್ದಾಡಿದ್ದೆ. ಸಂಜೆ ಈ ನಿಯಮಗಳನ್ನು ನಡೆಸುವ ಐಪಿಟೇಬಲ್ಸ್‌ನ ಪ್ಯಾಕೆಟ್ ಎಣಿಕೆ ತೆಗೆದು ನೋಡಿದರೆ ನನ್ನ ನಿಯಮದ ಮುಂದೆ ಸೊನ್ನೆ! ಒಂದು ಪ್ಯಾಕೆಟ್ಟೂ ಅಲ್ಲಿಯವರೆಗೆ ಇಳಿದಿರಲಿಲ್ಲ. ನೀವು ಮೊದಲೇ ಆ ಎಣಿಕೆ ನೋಡಿಬಿಡಿ.

ಒಂದು ತಪ್ಪನ್ನು ದಯವಿಟ್ಟು ಮಾಡಬೇಡಿ. ಕೆಲವರು ಅವಸರದಲ್ಲಿ ಒಳಬರುವ ಸಂಪರ್ಕಗಳನ್ನೂ ಮಾಸ್ಕರೇಡ್ ಮಾಡುತ್ತಾರೆ. ಆಗ ಲೋಕದ ಪ್ರತಿಯೊಬ್ಬ ಸ್ಪ್ಯಾಮರ್ ಕೂಡ ಫೈರ್‌ವಾಲ್‌ನ ಒಳ ವಿಳಾಸದಿಂದಲೇ ಬಂದಂತೆ ಕಾಣುತ್ತಾನೆ. ಪೋಸ್ಟ್‌ಫಿಕ್ಸ್ ನಂಬುವ ವಿಳಾಸಗಳ ಪಟ್ಟಿಯಾದ ಮೈನೆಟ್‌ವರ್ಕ್ಸ್‌ನಲ್ಲಿ ಕಚೇರಿಯ ಒಳಜಾಲ ಸೇರಿದ್ದರೆ ಪೋಸ್ಟ್‌ಫಿಕ್ಸ್ ಅವರನ್ನೆಲ್ಲ ಮನೆಯವರೆಂದು ನಂಬಿ ಅವರ ಮೇಲ್ ಸಾಗಿಸುತ್ತದೆ. ನಿಮ್ಮ ವಿಳಾಸ ಕಪ್ಪುಪಟ್ಟಿ ಸೇರಲು ಹೆಚ್ಚು ಹೊತ್ತು ಬೇಡ. ಲಾಗ್‌ನಲ್ಲಿ ಎಲ್ಲ ಸಂಪರ್ಕಗಳೂ ಒಂದೇ ಒಳ ವಿಳಾಸದಿಂದ ಬಂದಂತಿದ್ದರೆ ತಕ್ಷಣ ಆ ನಿಯಮ ತೆಗೆಯಿರಿ.

ಇನ್ನು ಪೋಸ್ಟ್‌ಫಿಕ್ಸ್. ಹೊರಹೋಗುವ ವಿಳಾಸವನ್ನು ಅದರಲ್ಲೇ ಕಟ್ಟಿಹಾಕಿ ಎಂಬ ಸಲಹೆ ನಿಮಗೆ ಉಪಯೋಗಕ್ಕೆ ಬಾರದು; .5 ಆ ಯಂತ್ರದ ಮೇಲೆ ಇಲ್ಲವೇ ಇಲ್ಲ. ಆದರೆ ಪ್ರಾಕ್ಸಿ_ಇಂಟರ್‌ಫೇಸಸ್ ಎಂಬ ಸೆಟ್ಟಿಂಗ್‌ನಲ್ಲಿ .5 ಬರೆಯಿರಿ. ನಿಮ್ಮ ಸರ್ವರ್ ಬೇರೊಂದು ಡೊಮೈನ್‌ಗೆ ಬದಲಿ ಮೇಲ್ ಸರ್ವರ್ ಆಗಿದ್ದರೆ, ಅದರ ಮುಖ್ಯ ಸರ್ವರ್ ನಿಂತಾಗ ಇದಿಲ್ಲದೆ ಮೇಲ್ ತನಗೆ ತಾನೇ ಸುತ್ತುತ್ತದೆ. ಹೆಲೋ ಹೆಸರು (ಸಂಪರ್ಕದ ಆರಂಭದಲ್ಲಿ ಸರ್ವರ್ ಹೇಳುವ ತನ್ನ ಹೆಸರು), ಅದರ ಎ ದಾಖಲೆ (ಹೆಸರಿನಿಂದ ವಿಳಾಸ), .5ರ ಪಿಟಿಆರ್ ದಾಖಲೆ (ವಿಳಾಸದಿಂದ ಹೆಸರು) ಮೂರೂ ಒಂದನ್ನೊಂದು ಒಪ್ಪಬೇಕು. ಪಿಟಿಆರ್ ಸಾಮಾನ್ಯವಾಗಿ ಇಂಟರ್‌ನೆಟ್ ಕೊಡುವ ಸಂಸ್ಥೆಯ ಕೈಯಲ್ಲಿರುತ್ತದೆ, ಹಾಗಾಗಿ ಇಂದೇ ಲಿಖಿತವಾಗಿ ಕೇಳಿ. 2024ರ ಫೆಬ್ರುವರಿಯಿಂದ ಜಿಮೇಲ್ ಪ್ರತಿಯೊಬ್ಬ ಕಳುಹಿಸುವವರಿಂದಲೂ ಎ ಮತ್ತು ಪಿಟಿಆರ್ ದಾಖಲೆಗಳ ಈ ಹೊಂದಾಣಿಕೆಯನ್ನು ಬಯಸುತ್ತದೆ.

ಪರೀಕ್ಷೆಗೆ ಜಿಮೇಲ್ ಖಾತೆಯೊಂದಕ್ಕೆ ಮೇಲ್ ಕಳುಹಿಸಿ, ‘ಶೋ ಒರಿಜಿನಲ್’ ಒತ್ತಿ, ಮೇಲ್ ಯಾವ ವಿಳಾಸದಿಂದ ಬಂತೆಂದು ಜಿಮೇಲ್ ಬರೆದ ರಿಸೀವ್ಡ್ ಸಾಲು ಓದಿ; ಅಲ್ಲಿ .5 ಇರಬೇಕು. ‘ನನ್ನ ಐಪಿ ಯಾವುದು’ ಎಂದು ಹೇಳುವ ತಾಣಗಳನ್ನು ನೆಚ್ಚಬೇಡಿ. ನಿಯಮವನ್ನು 25ನೇ ಪೋರ್ಟ್‌ಗೆ ಸೀಮಿತಗೊಳಿಸಿದ್ದರೆ ಅವು .2 ಎಂದೇ ತೋರಿಸುತ್ತವೆ. ರಿಸೀವ್ಡ್ ಸಾಲಿನಲ್ಲೂ .2 ಕಂಡರೆ, ಪೋಸ್ಟ್‌ರೂಟಿಂಗ್ ಪಟ್ಟಿಯನ್ನು ಎಣಿಕೆ ಸಮೇತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.